ಖಾಲಿ ಮೈದಾನಕ್ಕೆ ನಮಸ್ಕಾರ

ಮೈದಾನದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ನನ್ನ ಪಕ್ಕದಲ್ಲಿ ಸಾಲಾಗಿ ನಿಂತಿದ್ದ ಆಟಗಾರರೆಲ್ಲ ಒಟ್ಟಿಗೆ ಟೋಪಿ ತೆಗೆದರು, ಸೊಂಟದಿಂದ ಬಗ್ಗಿದರು, ಆ ಖಾಲಿ ಮಣ್ಣಿಗೆ ಏನೋ ಕೂಗಿ ಹೇಳಿದರು. ನಾನೊಬ್ಬ ಟೋಪಿ ಹಾಕಿಕೊಂಡೇ ಕಂಬದ ಹಾಗೆ ನಿಂತಿದ್ದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಲೆ ಎತ್ತಿ ನನ್ನ ಕಡೆ ಒಂದು ಸಲ ನೋಡಿ, ನೋಡಲೇ ಇಲ್ಲವೇನೋ ಎಂಬಂತೆ ಒಳಗೆ ಓಡಿದರು. ಜಪಾನಿನಲ್ಲಿ ಅದು ನನ್ನ ಮೊದಲ ಬೆಳಗ್ಗೆ. ಆಟದ ಮಣ್ಣಿಗೆ ತಲೆಬಾಗದೆ ಇಲ್ಲಿ ಯಾರೂ ಒಳಗೆ ಕಾಲಿಡುವುದಿಲ್ಲ ಎಂದು ಆಮೇಲೆ ತಿಳಿಯಿತು. ಅವತ್ತು ಹೊಟ್ಟೆಯಲ್ಲಿ ಬಂದು ಕೂತ ಹೆದರಿಕೆ ಇನ್ನೂ ಪೂರ್ತಿ ಎದ್ದು ಹೋಗಿಲ್ಲ.

ನನ್ನ ಹೆಸರು ಮುನಿರಾಜು. ಜಂಗಮಕೋಟೆಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿ ನನ್ನದು. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಯ ಹುಳುಮನೆ, ಸೀಮೆಹಸುಗಳಿವೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ್ದು ನಾನೇ ಮೊದಲು. ಇದನ್ನು ಜಂಭಕ್ಕೇ ಹೇಳುತ್ತಿದ್ದೇನೆ. ಬೆಳಗ್ಗೆ ಸೊಪ್ಪು ಕೊಯ್ದು ಹುಳಕ್ಕೆ ಹಾಕಿ, ಕೈಗೆ ಮೆತ್ತಿದ ಸೊಪ್ಪಿನ ಹಾಲು ಹೋಗುವ ಮುಂಚೆಯೇ ಚಿಂತಾಮಣಿ ಬಸ್ಸು ಹತ್ತಿ ಬಿ.ಎ. ಮಾಡಿದವನು ನಾನು. ಇಂಗ್ಲಿಷ್ ಪೇಪರು ಮತ್ತೆ ಮತ್ತೆ ಹೋಯಿತು, ನಾನೂ ಮತ್ತೆ ಮತ್ತೆ ಕಟ್ಟಿದೆ. ಸರ್ಟಿಫಿಕೇಟು ಬಂದಾಗ ಅಪ್ಪ ಅದಕ್ಕೆ ಕಟ್ಟು ಹಾಕಿಸಿ ದೇವರ ಫೋಟೋಗಳ ಪಕ್ಕದಲ್ಲೇ ಮೊಳೆ ಹೊಡೆದರು. ಇವತ್ತಿಗೂ ಅಮ್ಮ ಕುಂಕುಮ ಇಡುವಾಗ ಅದಕ್ಕೂ ಒಂದು ಬೊಟ್ಟು ಬೀಳುತ್ತದೆ.

ಆದರೆ ನನ್ನನ್ನು ಇಲ್ಲಿಗೆ ತಂದದ್ದು ಆ ಸರ್ಟಿಫಿಕೇಟಲ್ಲ, ನನ್ನ ಸೊಟ್ಟ ಕೈ. ಊರಿನ ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ನಾನು ಬೌಲಿಂಗ್ ಮಾಡಿದರೆ ಮೊಣಕೈ ಮಡಚುತ್ತಿತ್ತು. ಅಂಪೈರ್ ಯಾರೇ ಆಗಿರಲಿ ನೋ ಬಾಲ್. “ಬೌಲಿಂಗ್ ಹಾಕೋ ಅಂದ್ರೆ ಮಾವಿನಕಾಯಿ ಉದುರಿಸ್ತೀಯಲ್ಲೋ,” ಎಂದು ನಗುತ್ತಿದ್ದರು. ಚಿಂತಾಮಣಿ ಕಾಲೇಜಿನ ಪಿ.ಟಿ. ಮೇಷ್ಟ್ರು ಮಾತ್ರ ನಗಲಿಲ್ಲ. ಅದೇ ಕೈಯಿಟ್ಟುಕೋ, ಆಟ ಬದಲಾಯಿಸು ಎಂದು ಹೇಳಿ, ಜನ ಸಾಲದೆ ಒದ್ದಾಡುತ್ತಿದ್ದ ಬೇಸ್‌ಬಾಲ್ ತಂಡಕ್ಕೆ ಸೇರಿಸಿದರು. ಬೇಸ್‌ಬಾಲಿನಲ್ಲಿ ಚೆಂಡು ನೆಲಕ್ಕೆ ಬೀಳುವಂತಿಲ್ಲ, ಕೈ ಮಡಚಿಯೇ ಎಸೆಯಬೇಕು. ಬ್ಯಾಟು ಹಿಡಿದವನ ಮಂಡಿಗೂ ಎದೆಗೂ ನಡುವೆ, ನೆಲದಲ್ಲಿ ಹುಗಿದ ಒಂದು ಬಿಳಿ ಹಲಗೆಯ ಮೇಲೆ ಹಾಯುವಂತೆ ಎಸೆಯಬೇಕು. ನಾಲ್ಕು ಸಲ ತಪ್ಪಿದರೆ ಅವನು ಏನೂ ಮಾಡದೆ ನಡೆದುಕೊಂಡು ಮುಂದಿನ ನೆಲೆಗೆ ಹೋಗಿಬಿಡುತ್ತಾನೆ. ಬೇಸ್‌ಬಾಲಿನಲ್ಲಿ ಎಸೆಯುವವನಿಗೆ ಅದಕ್ಕಿಂತ ದೊಡ್ಡ ನಾಚಿಕೆಯಿಲ್ಲ.

ಕಾಲೇಜಿನಿಂದ ಯೂನಿವರ್ಸಿಟಿ ತಂಡ, ಅಲ್ಲಿಂದ ರಾಜ್ಯದ ತಂಡ. ಒಂದು ಶಿಬಿರಕ್ಕೆ ಬಂದಿದ್ದ ಜಪಾನಿನ ತರಬೇತುದಾರರೊಬ್ಬರು ನನ್ನ ಎಸೆತವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದರು. ಮಾರನೆಯ ವರ್ಷ ಶಿಕೋಕು ಎಂಬ ದ್ವೀಪದ ಒಂದು ಸಣ್ಣ ವೃತ್ತಿಪರ ತಂಡ ನನ್ನನ್ನು ಒಂದು ಸೀಸನ್ನಿಗೆ ಕರೆಸಿಕೊಂಡಿತು. ಟಿ.ವಿ.ಯಲ್ಲಿ ಬರುವ ದೊಡ್ಡ ಲೀಗಲ್ಲ, ಬಸ್ಸಿನಲ್ಲಿ ಊರೂರು ತಿರುಗುವ ತಂಡ. ಆದರೂ ಜಂಗಮಕೋಟೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ಅದರಲ್ಲಿ ನನ್ನ ಮುಖದ ಕೆಳಗೆ ಯಾರದೋ ಮೈ, ಆ ಮೈಯ ಕೈಯಲ್ಲಿ ಕ್ರಿಕೆಟ್ ಬ್ಯಾಟು.

ಹೊರಡುವ ಮುಂಚೆ ಅಪ್ಪ ನನ್ನ ಕೆಲಸ ಏನೆಂದು ಕೇಳಿದರು. ಆಟ ಶುರು ಮಾಡುವವನು ಬೇರೆ, ಅವನು ಸುಸ್ತಾದಾಗ ಅಥವಾ ಏಟು ತಿನ್ನುತ್ತಿರುವಾಗ ನಡುವೆ ಹೋಗಿ ಎಸೆಯುವವನು ನಾನು ಎಂದು ವಿವರಿಸಿದೆ. 

“ಅಂದ್ರೆ ಬೇರೆಯೋರು ಕೆಡಿಸಿದ್ದನ್ನ ನೀನು ಹೋಗಿ ಸರಿ ಮಾಡ್ಬೇಕು. ಆಗ್ಲಿಲ್ಲ ಅಂದ್ರೆ ಎಲ್ಲಾ ನಿನ್ ತಲೆ ಮೇಲೆ. ಇದೆಂಥ ಕೆಲಸ ಕಣಪ್ಪ?”

ಇದಕ್ಕಿಂತ ಚೆನ್ನಾಗಿ ನನ್ನ ಕಸುಬನ್ನು ಜಪಾನಿನಲ್ಲೂ ಯಾರೂ ವಿವರಿಸಿಲ್ಲ.

ಇಲ್ಲಿ ಅಂಥವನಿಗೆ ನಾಕತ್ಸುಗಿ ಎನ್ನುತ್ತಾರೆ, ನಡುವೆ ಜೋಡಿಸುವವನು ಎಂದು ಅರ್ಥ. ಶಿಡ್ಲಘಟ್ಟದ ಫಿಲೇಚರಿನಲ್ಲಿ ಗೂಡಿನಿಂದ ನೂಲು ತೆಗೆಯುವಾಗ ಕಡಿದ ಎಳೆಯನ್ನು ಬಿಸಿನೀರಿನಲ್ಲೇ ಹಿಡಿದು ಜೋಡಿಸುತ್ತಾರಲ್ಲ, ಹಾಗೆ. ಜೋಡಿಸುವವರು ಕಾಯುವ ಜಾಗದ ಹೆಸರು ಬುರುಪೆನ್. ಮೈದಾನದ ಮೂಲೆಯಲ್ಲಿ ತಗಡಿನ ಮಾಡು, ಒಂದು ಬೆಂಚು, ಗೋಡೆಯಲ್ಲಿ ಒಂದು ಫೋನು. ಆ ಫೋನು ಬಡಿಯಿತೆಂದರೆ ಅಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ. ಒಳ್ಳೆಯ ಸುದ್ದಿಗೆ ಅದು ಬಡಿದದ್ದು ನಾನು ಕಂಡಿಲ್ಲ. ನಮ್ಮೂರಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಅಮ್ಮ ಎದೆ ಮೇಲೆ ಕೈಯಿಟ್ಟುಕೊಂಡೇ ಎತ್ತುತ್ತಾಳೆ. ಇಲ್ಲಿ ನನಗೆ ಅದೇ ಉದ್ಯೋಗವಾಯಿತು.

ಮನೆ ಸಿಕ್ಕಿದ್ದು ಮೋರಿತಾ ಎಂಬ ಅಜ್ಜಿಯ ಮಹಡಿಯಲ್ಲಿ. ನೆಲಕ್ಕೆ ತತಾಮಿ ಎಂಬ ಹುಲ್ಲಿನ ದಪ್ಪ ಚಾಪೆ, ಒಣಗಿದ ಹುಲ್ಲುಬಣವೆಯ ವಾಸನೆ. ಆ ವಾಸನೆಗೆ ನಿದ್ದೆ ಬರುತ್ತಿತ್ತು, ಉಳಿದದ್ದಕ್ಕೆಲ್ಲ ಹೆದರಿಕೆ. ಯಾವ ದಿನ ಯಾವ ಕಸ ಇಡಬೇಕೆಂದು ಹೆದರಿಕೆ. ನಮ್ಮ ತಿಪ್ಪೆಗೆ ಎಲ್ಲವೂ ಸಲ್ಲುತ್ತಿತ್ತು. ಇಲ್ಲಿ ಬಾಟಲಿ ಒಂದು ದಿನ, ಅದರ ಮುಚ್ಚಳ ಇನ್ನೊಂದು ದಿನ. ನೆಲ ನಡುಗಿದರಂತೂ ಕೇಳಲೇಬೇಡಿ. ಮೊದಲ ಸಲ ನಡುಗಿದಾಗ ನಾನು ಬನಿಯನ್ನಿನಲ್ಲೇ ಬೀದಿಗೆ ಓಡಿದ್ದೆ. ಅಜ್ಜಿ ಒಳಗೆ ಉಪ್ಪಿನಕಾಯಿ ಜಾಡಿ ಬೀಳದಂತೆ ಹಿಡಿದುಕೊಂಡು, ದೈಜೋಬು, ದೈಜೋಬು ಎನ್ನುತ್ತಿದ್ದಳು. ಏನೂ ಆಗಲ್ಲ ಎಂದರ್ಥ. ನಮ್ಮಮ್ಮ ತೆಲುಗಿನಲ್ಲಿ “ಏಮೀ ಕಾದುಲೇ” ಎನ್ನುವುದು ಇದನ್ನೇ. ಆದರೆ ಅಮ್ಮ ಹೇಳಿದರೆ ನಂಬಿಕೆ ಬರುತ್ತದೆ. ಇಲ್ಲಿ ಭುಜ ನೋಯುತ್ತಿದ್ದರೂ ದೈಜೋಬು, ಊಟ ಸೇರದಿದ್ದರೂ ದೈಜೋಬು. ನಾನೂ ಅದನ್ನೇ ಕಲಿತೆ. ಸುಳ್ಳು ಹೇಳುವುದಕ್ಕೆ ಅಷ್ಟು ಸುಲಭದ ಮಾತು ನನಗೆ ಬೇರೆ ಯಾವ ಭಾಷೆಯಲ್ಲೂ ಗೊತ್ತಿಲ್ಲ.

ಗೆದ್ದದ್ದೂ ಉಂಟು. ಊರಿನಿಂದ ತಂದ ರಾಗಿಹಿಟ್ಟಿನಲ್ಲಿ ಅಜ್ಜಿಯ ಅಡುಗೆಮನೆಯಲ್ಲೇ ಮುದ್ದೆ ಕಟ್ಟಿದೆ. ಅವಳು ಕಡ್ಡಿಗಳಲ್ಲಿ ಅದನ್ನು ಹಿಡಿಯಲು ಹೋಗಿ ಸೋತು, ಕೊನೆಗೆ ನನ್ನ ಹಾಗೆ ಬೆರಳಲ್ಲಿ ಮುರಿದು, ನಾನು ಬೇಡವೆಂದರೂ ಅಗಿದೇ ತಿಂದಳು. ಇನ್ನೊಂದು ದಿನ ಅವಳ ಹಿತ್ತಲಿನಾಚೆ ಒಂದು ಮರ ಕಂಡು ನಿಂತುಬಿಟ್ಟೆ. ಹಿಪ್ಪುನೇರಳೆ. ನಾವು ಸೊಂಟದೆತ್ತರಕ್ಕೆ ಸವರಿ ಬೆಳೆಸುವ ಗಿಡ ಅಲ್ಲಿ ಹುಣಸೆಮರದಷ್ಟು ಬೆಳೆದಿತ್ತು, ಕೇಳುವವರಿಲ್ಲದೆ. ಎಲೆ ಕಿತ್ತು ಮುರಿದೆ, ಅದೇ ಹಾಲು. ಅಜ್ಜಿ ನನ್ನ ಮುಖ ನೋಡಿ, ತೋರುಬೆರಳನ್ನು ಹುಳದ ಹಾಗೆ ಆಡಿಸಿ, “ಕಾಯಿಕೋ?” ಎಂದಳು. ಅವಳ ತವರಿನಲ್ಲೂ ಹುಳು ಸಾಕುತ್ತಿದ್ದರಂತೆ. ಈಗ ಆ ಸೀಮೆಯಲ್ಲಿ ಯಾರೂ ಸಾಕುವುದಿಲ್ಲವಂತೆ. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತೇವಲ್ಲ, ಒಂದನೇ ಜ್ವರ, ಎರಡನೇ ಜ್ವರ ಎಂದು. ಅದಕ್ಕೆ ಅವರು ನಿದ್ದೆ ಎನ್ನುತ್ತಾರಂತೆ. ಒಂದನೇ ನಿದ್ದೆ, ಎರಡನೇ ನಿದ್ದೆ. ಆಗ ಅದು ಬರೀ ಸ್ವಾರಸ್ಯದ ಸಂಗತಿ ಎನ್ನಿಸಿತ್ತು.

ಮೊದಲ ಸೀಸನ್ ಹೇಗೋ ದಾಟಿದೆ. ಇನ್ನೊಂದು ವರ್ಷಕ್ಕೂ ಕರಾರಿನ ಕಾಗದ ಬಂತು. ಆ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಫೋನು ಬಡಿಯಿತು, ನಾನು ಹೋದೆ. ಚೆಂಡು ಒದ್ದೆಯಾಗಿತ್ತು. ಬೆರಳಿನಿಂದ ಜಾರಿತು ಎನ್ನುವುದು ನನಗೆ ಗೊತ್ತಾಗುವುದಕ್ಕೂ ಅದು ಬ್ಯಾಟು ಹಿಡಿದವನ ಹೆಲ್ಮೆಟ್ಟಿಗೆ, ಕಿವಿಯ ಹತ್ತಿರ, ಬಡಿಯುವುದಕ್ಕೂ ಸರಿಹೋಯಿತು. ತೆಂಗಿನಕಾಯಿ ಒಡೆದ ಸದ್ದು. ಅವನು ಕುಸಿದ.

ಇಲ್ಲಿಯ ಪದ್ಧತಿ ಏನೆಂದರೆ, ಎಸೆದವನು ತನ್ನ ಜಾಗದಲ್ಲೇ ನಿಂತು ಟೋಪಿ ತೆಗೆದು ತಲೆಬಾಗಬೇಕು. ಅಷ್ಟೇ. ನನಗದು ಗೊತ್ತಿತ್ತು. ಆದರೆ ಗೊತ್ತಿರುವುದೆಲ್ಲ ಆ ಹೊತ್ತಿಗೆ ಎಲ್ಲಿರುತ್ತದೆ? ನಾನು ಓಡಿದೆ. ಬಿದ್ದವನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬಸ್ಸಿನಲ್ಲಿ ಯಾರಿಗಾದರೂ ಕಾಲು ತಾಕಿದರೆ ನಾವು ಮಾಡುವುದು ಅದನ್ನೇ, ಯೋಚನೆ ಮಾಡಿ ಮಾಡುವುದಲ್ಲ. ಅವರ ಕಡೆಯವರಿಗೆ ಕಂಡದ್ದು ಬೇರೆ. ಹೊಡೆದದ್ದೂ ಅಲ್ಲದೆ ಬಿದ್ದವನ ಮೇಲೆ ಕೈ ಹಾಕಲು ಹೋದನೆಂದು ಇಡೀ ತಂಡ ನನ್ನ ಮೇಲೆ ನುಗ್ಗಿತು. ಯಾರೋ ಕಾಲರ್ ಹಿಡಿದರು. ನಾನು ಕ್ಷಮಿಸಿ ಎನ್ನುವುದನ್ನು ಜಪಾನಿ ಮರೆತು ಕನ್ನಡದಲ್ಲಿ, ತೆಲುಗಿನಲ್ಲಿ ಹೇಳುತ್ತಿದ್ದೆ. ಆಟಗಾರ ಎದ್ದು ಕೂತ, ದೊಡ್ಡ ಅಪಾಯವಾಗಲಿಲ್ಲ. ತಲೆಗೆ ಹೊಡೆದದ್ದಕ್ಕೆ ಅಂಪೈರು ನನ್ನನ್ನು ಹೊರಗೆ ಕಳಿಸಿದ.

ಅಲ್ಲಿಂದ ಮುಂದೆ ಚೆಂಡು ನನ್ನ ಮಾತು ಕೇಳಲಿಲ್ಲ. ಕೈ ಹಿಂದಕ್ಕೆ ಹೋದ ಕೂಡಲೇ ಆ ತೆಂಗಿನಕಾಯಿಯ ಸದ್ದು. ಬೆರಳು ಬಿಡಬೇಕಾದ ಕಡೆ ಬಿಡದು. ಚೆಂಡು ಒಮ್ಮೆ ನನ್ನ ಕಾಲ ಬಳಿಯೇ, ಒಮ್ಮೆ ಬಲೆಯಾಚೆ. ಡಾಕ್ಟರು ನೋಡಿ ಭುಜ ಸರಿಯಿದೆ ಎಂದರು. ಇಲ್ಲಿ ಅದಕ್ಕೆ ಒಂದೇ ಮದ್ದು, ಇನ್ನೂ ಎಸೆ. ಕೈ ಸೋಲುವ ತನಕ ಎಸೆ. ನಾನು ಎಸೆದೆ. ಎಸೆದಷ್ಟೂ ಕೆಟ್ಟಿತು. ವೀಸಾ ತಂಡದ ಕಾಗದಕ್ಕೆ ಅಂಟಿಕೊಂಡಿತ್ತು, ತಂಡ ಬಿಟ್ಟರೆ ನಾನು ಜಂಗಮಕೋಟೆ ಸರ್ಕಲ್ಲಿನಲ್ಲಿ ಇಳಿಯಬೇಕು, ಆ ಫ್ಲೆಕ್ಸಿನ ಕೆಳಗೆ. ವಿಡಿಯೋ ಕಾಲಿನಲ್ಲಿ ಅಮ್ಮ ಏನಾಯಿತೆಂದು ಕೇಳಿದಾಗ ಕೈಗೆ ಜ್ವರ ಬಂದ ಹಾಗೆ ಆಗಿದೆ ಎಂದೆ. ಅವಳು ಹಾಗಾದರೆ ಸುಮ್ಮನೆ ಬಿಟ್ಟುಬಿಡು, ಕೆದಕಬೇಡ ಎಂದಳು. ನಾನು ಆ ಮಾತನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಓದಿದವನಲ್ಲವೇ.

ಸೀಸನ್ ಮುಗಿದ ಮೇಲೆ ಕಾಂತೊಕು ಕರೆಸಿದ. ತಂಡದ ಯಜಮಾನಿಕೆ ನಡೆಸುವ ಮುಖ್ಯ ತರಬೇತುದಾರನಿಗೆ ಹಾಗನ್ನುತ್ತಾರೆ. ಆಟಗಾರನಾಗಿ ನಿನ್ನದು ಮುಗಿಯಿತು ಎಂದು ನೇರವಾಗಿ ಹೇಳಿದ. ನಾನು ಎದ್ದು ನಿಂತೆ. ಕೂತುಕೋ ಎಂದ. ಬುರುಪೆನ್ನಿನ ಕೋಚು ಕಿತ್ತಳೆ ತೋಟ ನೋಡಿಕೊಳ್ಳಲು ಅಪ್ಪನ ಹತ್ತಿರ ಹೋಗುತ್ತಿದ್ದಾನೆ, ಅವನ ಜಾಗಕ್ಕೆ ಒಬ್ಬ ಬೇಕು, ಚೆಂಡು ಹಿಡಿಯಬೇಕು, ಬಲೆ ಕಟ್ಟಬೇಕು, ವ್ಯಾನು ಓಡಿಸಬೇಕು, ಫೋನು ಎತ್ತಬೇಕು ಎಂದ. ಆ ಫೋನಿಗೆ ಹೆದರುತ್ತಲೇ ಒಪ್ಪಿಕೊಂಡೆ. ಇಲ್ಲಿಯ ಮಕ್ಕಳು ತೋಟಕ್ಕೆ ವಾಪಸು ಹೋಗುತ್ತಾರೆ, ನಾನು ತೋಟ ಬಿಟ್ಟು ಬಂದು ಅವರ ಜಾಗದಲ್ಲಿ ಕೂರುತ್ತೇನೆ.

ಕೋಚಾದ ಎರಡನೇ ವರ್ಷ ಕೆಂಜಿಗೆ ಅದೇ ಬಂತು. ಕೆಂಜಿ ನಮ್ಮ ತಂಡದ ಅತಿ ವೇಗದ ಎಸೆತಗಾರ. ದೊಡ್ಡ ಲೀಗಿನವರು ಅವನನ್ನು ನೋಡಿಹೋಗಲು ಬರುತ್ತಿದ್ದರು. ಅವನನ್ನು ದೊಡ್ಡ ಲೀಗಿಗೆ ಕಳಿಸಿದರೆ ಸಿಗುವ ದುಡ್ಡೇ ತಂಡಕ್ಕೆ ಉಸಿರು. ಒಂದು ಆಟದಲ್ಲಿ ಸಾಲಾಗಿ ನಾಲ್ಕು ಜನರನ್ನು ಎಸೆತ ತಪ್ಪಿ ನಡೆಸಿದ, ಮರುದಿನ ಚೆಂಡು ಕಾಲ ಬಳಿ ಬಿತ್ತು. ಅವನ ಬೆರಳು ನೋಡಿದೆ. ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಕಾಂತೊಕು ಅದೇ ಮದ್ದು ಬರೆದ, ಇನ್ನೂ ಎಸೆಯಲಿ.

ಅವನು ಎಸೆಯುತ್ತಿದ್ದ, ನಾನು ಹಿಡಿಯುತ್ತಿದ್ದೆ. ಅವನ ಮುಖ ನೋಡುತ್ತಾ ನನಗೆ ಹುಳುಮನೆ ನೆನಪಾಯಿತು. ಜ್ವರಕ್ಕೆ ಕೂತ ಹುಳಕ್ಕೆ ಅಮ್ಮ ಸೊಪ್ಪು ಹಾಕುವುದಿಲ್ಲ. ಪಾಪ, ಹಸಿದಿರಬಹುದು ಎಂದು ಹಾಕಿದರೆ ಬೆಳೆ ಕೆಟ್ಟಿತು ಎಂದೇ ಅರ್ಥ. ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ, ಬಾಗಿಲು ಮುಂದೆ ಮಾಡಿ ಬಂದುಬಿಡುತ್ತಾಳೆ. ಮುಟ್ಟುವಂತಿಲ್ಲ, ಅಲ್ಲಾಡಿಸುವಂತಿಲ್ಲ. ಪೊರೆ ಬಿಟ್ಟು ಎದ್ದ ಹುಳ ತಾನಾಗಿ ತಲೆಯಾಡಿಸಿ ಸೊಪ್ಪು ಹುಡುಕಿದ ಮೇಲೇ ಮೇವು. ಶಿಡ್ಲಘಟ್ಟದ ಕಡೆ ಸ್ಕೂಲಿಗೆ ಹೋಗದ ಮಕ್ಕಳಿಗೂ ಗೊತ್ತಿರುವ ಸಂಗತಿ. ನನ್ನ ಕೈಗೆ ಜ್ವರ ಬಂದಾಗ ಕೆದಕಬೇಡ ಎಂದು ಅಮ್ಮ ಬಾಯಿಬಿಟ್ಟು ಹೇಳಿದ್ದಳಲ್ಲ.

ಕಾಂತೊಕುವಿನ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಇಲ್ಲಿ ಹಿರಿಯನ ಮಾತಿಗೆ ಎದುರಾಡುವುದೆಂದರೆ ಅಪ್ಪನ ಎದುರು ಬೀಡಿ ಹಚ್ಚಿದಂತೆ. ಕೆಂಜಿ ಚೆಂಡು ಮುಟ್ಟಬಾರದು, ಅವನಾಗಿ ಕೇಳುವ ತನಕ ಯಾರೂ ಅವನಿಗೆ ಏನೂ ಹೇಳಬಾರದು ಎಂದೆ.

“ಎಷ್ಟು ದಿನ?”

“ಗೊತ್ತಿಲ್ಲ.”

“ಯಾವ ಪುಸ್ತಕದಲ್ಲಿದೆ ಇದು?”

“ನಮ್ಮಮ್ಮ ಹುಳಕ್ಕೆ ಹೀಗೆ ಮಾಡ್ತಾಳೆ.”

ಹೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು. ಅವನು ಸರಿ ಎಂದ. ಆಮೇಲೆ, ಅವನು ಏಳದಿದ್ದರೆ ಮುಂದಿನ ವರ್ಷ ನೀನೂ ಇರುವುದಿಲ್ಲ ಎಂದ. ದನಿ ಏರಿಸಲಿಲ್ಲ. ಇಲ್ಲಿ ಯಾರೂ ಏರಿಸುವುದಿಲ್ಲ.

ಏಳದ ಹುಳುಗಳೂ ಇರುತ್ತವೆ, ಅದು ಕಾಂತೊಕುವಿಗೆ ಗೊತ್ತಿರಲಿಲ್ಲ. ಎಷ್ಟೇ ಜೋಪಾನ ಮಾಡಿದರೂ ಪ್ರತಿ ಜ್ವರದಲ್ಲೂ ಕೆಲವು ಹಾಗೇ ಉಳಿಯುತ್ತವೆ. ಅಮ್ಮ ಅವನ್ನು ಕಡ್ಡಿಯಿಂದ ಆರಿಸಿ ಸುಣ್ಣದ ನೀರಿಗೆ ಹಾಕುತ್ತಾಳೆ. ನಾನು ಅಂಥದೊಂದು. ಕೆಂಜಿಯೂ ಅಂಥದೇ ಆದರೆ? ಅವನು ಬುರುಪೆನ್ನಿನಲ್ಲಿ ಕಸ ಗುಡಿಸುತ್ತಾ, ಟವೆಲು ಮಡಚುತ್ತಾ ದಿನ ಕಳೆದ. ಉಳಿದವರು ನನ್ನ ಮೇಲೆ ಕಣ್ಣು ಕೆಕ್ಕರಿಸುತ್ತಿದ್ದರು.  ಒಂದು ಆಟದಲ್ಲಿ ಫೋನು ಬಡಿಯಿತು. ಕಾಂತೊಕು ಒಂದೇ ಮಾತು ಕೇಳಿದ, ಕೆಂಜಿ? ನಾನು “ಮಾದಾ” ಎಂದೆ, ಇನ್ನೂ ಇಲ್ಲ. ಆಚೆ ಕಡೆ ಫೋನು ಇಟ್ಟ ಸದ್ದು. ಬೇರೆಯವನು ಹೋದ, ಸೋತೆವು. ವಾಪಸು ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು.

ಎಷ್ಟೋ ದಿನಗಳಾದ ಮೇಲೆ ಒಂದು ಮಧ್ಯಾಹ್ನ ನಾನು ಬಲೆಯ ಹರಕು ಹೊಲಿಯುತ್ತಿದ್ದೆ. ಕೆಂಜಿ ಬುಟ್ಟಿಯಿಂದ ಚೆಂಡು ತೆಗೆದು ಅಂಗೈಯಲ್ಲಿ ಉರುಳಿಸುತ್ತಿದ್ದುದು ಕಂಡಿತು. ನಾನು ಹೊಲಿಯುತ್ತಲೇ ಇದ್ದೆ. ಕತ್ತೆತ್ತಲಿಲ್ಲ, ಉಸಿರೂ ಜೋರಾಗಿ ಬಿಡಲಿಲ್ಲ.

“ಕೋಚ್, ಸ್ವಲ್ಪ ಹಿಡೀತೀರಾ?”

ಹಿಡಿದೆ. ಮೊದಲನೆಯದು ನನ್ನ ತಲೆಯ ಮೇಲೆ ಹೋಯಿತು. ನಾನು ಹೋಗಿ ತಂದುಕೊಟ್ಟೆ. ಆಮೇಲಿನದೊಂದು ನೇರ ಬಂದು ಗವಸಿಗೆ ಬಡಿಯಿತು. ಆ ಸದ್ದು ಬೇರೆಯೇ.

ಮುಂದಿನ ವಾರ ಫೋನು ಬಡಿದಾಗ ನಾನು ಹೌದು ಎಂದೆ. ಕೆಂಜಿ ಬಾಗಿಲು ತೆರೆದು ಬೆಳಕಿಗೆ ಓಡಿದ. ನಾನು ತಗಡಿನ ಗೋಡೆಗೆ ಹಣೆ ಒತ್ತಿಕೊಂಡು ನಿಂತೆ, ನೋಡಲಾಗಲಿಲ್ಲ. ಒಬ್ಬನನ್ನು ನಡೆಸಿದನಂತೆ. ಆಮೇಲೆ ಬಂದವರನ್ನು ಔಟ್ ಮಾಡಿದನಂತೆ.  ಸೀಸನ್ ಮುಗಿದ ಮೇಲೆ ಮುಂದಿನ ವರ್ಷದ ಕಾಗದ ಬಂತು, ಅಷ್ಟೇ. ಕೆಂಜಿಯನ್ನು ದೊಡ್ಡ ಲೀಗಿನವರು ಇನ್ನೂ ಕರೆದಿಲ್ಲ. ಎಸೆಯುತ್ತಿದ್ದಾನೆ.

ಆ ಚಳಿಗಾಲದಲ್ಲಿ ಊರಿಗೆ ಬಂದೆ. ಫ್ಲೆಕ್ಸ್ ಇದ್ದ ಜಾಗದಲ್ಲಿ ಬೇರೆ ಯಾರದೋ ಹುಟ್ಟುಹಬ್ಬದ ಶುಭಾಶಯವಿತ್ತು. ನನಗೆ ನಿರಾಳವಾಯಿತು. ಬ್ಯಾಗು ಜಗುಲಿಯ ಮೇಲಿಟ್ಟು, ಕಾಲೂ ತೊಳೆಯದೆ ನೇರ ಹುಳುಮನೆಗೆ ನಡೆದೆ. ಕೆಂಜಿಯ ಕಥೆಯನ್ನು ಅಮ್ಮನಿಗೆ ಅಲ್ಲೇ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅಮ್ಮ ಬಾಗಿಲಿಗೆ ಕೈ ಅಡ್ಡ ಇಟ್ಟಳು.

“ಒಳಕ್ಕೆ ಬರ್ಬೇಡ ಕಣಪ್ಪ. ನಾಲ್ಕನೇ ಜ್ವರಕ್ಕೆ ಕೂತವೆ. ಎಲ್ಲೆಲ್ಲಿಂದಾನೋ ಬಂದಿದೀಯ.”

“ನಾನಮ್ಮ.”

“ನೀನೇ ಅಂತ ಗೊತ್ತು. ಹುಳಕ್ಕೆ ಗೊತ್ತಾಗ್ತದಾ? ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಅವು ಎದ್ದ ಮೇಲೆ ಬರೀವಂತೆ.”

ಸರಿಯಾಗಿಯೇ ಹೇಳಿದ್ದಳು. ಹೊರಗಿನವರನ್ನು ಹುಳುಮನೆಗೆ ಬಿಡುವುದಿಲ್ಲ, ಬಂದವರ ಮೈಮೇಲೆ ಯಾವ ರೋಗ ಬರುತ್ತದೋ ಯಾರಿಗೆ ಗೊತ್ತು. ಹಿಂದೆ ಬಂದವರನ್ನು ಹೀಗೆ ತಡೆದು ನಿಲ್ಲಿಸುತ್ತಿದ್ದವನು ನಾನೇ. ಬಾಗಿಲ ಸಂದಿಯಲ್ಲಿ ತಟ್ಟೆಗಳು ಕಂಡವು, ಮೇಲೆ ತೆಳ್ಳಗೆ ಬಿಳಿ ಸುಣ್ಣ. ಹುಳ ಮೇಯುವಾಗ ಮಳೆ ಬಿದ್ದ ಹಾಗೆ ಕೇಳುವ ಸದ್ದು ಇರಲಿಲ್ಲ. ಫೋನು ಬಡಿಯುವ ಮುಂಚೆ ಬುರುಪೆನ್ನಿನಲ್ಲಿ ಇರುತ್ತದಲ್ಲ, ಅಂಥ ಮೌನ. ಎಷ್ಟು ಏಳುತ್ತವೋ.

“ಯಾರಿಗೋ ಅದು?” ಎಂದಳು ಅಮ್ಮ.

ನೋಡಿಕೊಂಡೆ. ನನಗೇ ತಿಳಿಯದೆ ಟೋಪಿ ಕೈಯಲ್ಲಿತ್ತು, ಆ ಬಾಗಿಲಿಗೆ ಸೊಂಟದಿಂದ ಬಗ್ಗಿ ನಿಂತಿದ್ದೆ.